ಬೆಳೆಯಲೊಲ್ಲದ ರೋಗಾಣುವಿನ ಹೆಸರು

1911ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ, ನ್ಯೂಯಾರ್ಕ್ ನಗರದ ಹೋಟೆಲೊಂದರ ಕೋಣೆಯಲ್ಲಿ ಬಿಡದ ಜ್ವರದಿಂದ ಮಲಗಿದ್ದ ಜಗದ್ವಿಖ್ಯಾತ ಸಂಗೀತಕಾರ ಗುಸ್ತಾವ್ ಮಾಲರ್ ಅವರ ತೋಳಿನಿಂದ ಜಾರ್ಜ್ ಬೇರ್ ಎಂಬ ತರುಣ ವೈದ್ಯರು 20 ಘನ ಸೆಂಟಿಮೀಟರಿನಷ್ಟು ರಕ್ತವನ್ನು ಸೆಳೆದು, ಹಾಸಿಗೆಯ ಬದಿಯಲ್ಲಿಯೇ ಅದರ ಒಂದು ಭಾಗವನ್ನು ಮಾಂಸರಸದ ಸೀಸೆಗಳಲ್ಲಿಯೂ ಮತ್ತೊಂದು ಭಾಗವನ್ನು ಕರಗಿಸಿದ ಅಗರ್ ಸುರಿದ ತಟ್ಟೆಗಳಲ್ಲಿಯೂ ಬೆರೆಸಿ, ತಮ್ಮ ಹಿರಿಯರಾದ ಎಮಾನ್ಯುಯೆಲ್ ಲಿಬ್ಮನ್ ಅವರ ಪ್ರಯೋಗಶಾಲೆಗೆ ಕೊಂಡೊಯ್ದರು. ನಾಲ್ಕೈದು ದಿನಗಳೊಳಗಾಗಿ ತಟ್ಟೆಗಳ ಮೇಲೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಚಿಕ್ಕ ಚಿಕ್ಕ ಚುಕ್ಕೆಗಳು ಎದ್ದುವು. ಸತ್ಯವನ್ನು ತಮ್ಮಿಂದ ಮರೆಮಾಚಕೂಡದೆಂದು ರೋಗಿಯೇ ಕೇಳಿಕೊಂಡಿದ್ದುದರಿಂದ, ಹೃದಯದ ಕವಾಟದಲ್ಲಿ ಸೋಂಕು ನೆಲೆಸಿದೆಯೆಂಬ ಸಂಗತಿಯನ್ನು ಅವರಿಗೆ ತಿಳಿಸಲಾಯಿತು. ಅವರು ಸಮುದ್ರ ದಾಟಿ ಪ್ಯಾರಿಸ್ಸಿಗೆ ಬಂದರು. ಅಲ್ಲಿಯೂ ಅದೇ ರೋಗಾಣು ಬೆಳೆಯಿತು. ಶಾಂತಮೆಸ್ ಎಂಬ ಅಲ್ಲಿಯ ಪಂಡಿತರು ಸೂಕ್ಷ್ಮದರ್ಶಕದ ಅಡಿಯಲ್ಲಿ ಆ ಸರಪಣಿಗಳ ಸೊಬಗನ್ನು ತೋರಿಸಿ ತಾವೇ ಹಿಗ್ಗಿದರೆಂದು ಮಾಲರ್ ಅವರ ಪತ್ನಿ ಆಲ್ಮಾ ಬರೆದಿಟ್ಟಿದ್ದಾರೆ. ಮೇ 18ರಂದು ವಿಯೆನ್ನಾದಲ್ಲಿ, ಇನ್ನೂ 51 ತುಂಬದ ವಯಸ್ಸಿನಲ್ಲಿ, ಮಾಲರ್ ತೀರಿಕೊಂಡರು.

ಅಂದು ರೋಗಾಣುವಿನ ಹೆಸರು ಗೊತ್ತಿತ್ತು, ಮದ್ದು ಇರಲಿಲ್ಲ. ಪೆನಿಸಿಲಿನ್ ಬಂದು, ಬ್ರೂಕ್ಲಿನ್ನಿನ ಲಿಯೋ ಲೋವೆ ಮತ್ತು ಅವರ ಸಂಗಡಿಗರು ಈ ರೋಗದ ಏಳು ಮಂದಿಯನ್ನು ಗುಣಪಡಿಸಿದ ವೃತ್ತಾಂತವನ್ನು 1944ರಲ್ಲಿ ಪ್ರಕಟಿಸುವವರೆಗೆ, ಎಂಡೋಕಾರ್ಡೈಟಿಸ್ ಎಂಬ ಹೆಸರನ್ನು ಉಚ್ಚರಿಸುವುದೆಂದರೆ ಮರಣಶಾಸನವನ್ನು ಓದಿದಂತೆಯೇ ಆಗಿತ್ತು. ಈಗ ಕಾಲವು ಒಂದು ವಿಚಿತ್ರವಾದ ಮಗ್ಗುಲನ್ನು ಹೊರಳಿದೆ. ಔಷಧಗಳು ಕಪಾಟಿನ ತುಂಬ ಇದ್ದರೂ, ಅವುಗಳಲ್ಲಿ ಯಾವುದನ್ನು ಕೊಡಬೇಕೆಂದು ನಿಶ್ಚಯಿಸಲು ಬೇಕಾದ ಆ ಒಂದು ಹೆಸರು ಎಷ್ಟೋ ರೋಗಿಗಳಲ್ಲಿ ಸಿಕ್ಕದೆ ಹೋಗುತ್ತದೆ.

ಹೃದಯದ ಕವಾಟವು ಒಂದು ತೆಳ್ಳನೆಯ ಪೊರೆ. ದಿನಕ್ಕೆ ಲಕ್ಷ ಸಲ ತೆರೆದು ಮುಚ್ಚುವ ಈ ಪೊರೆಗೆ, ರಕ್ತದ ಹೊಳೆಯ ನಡುವೆಯೇ ಇದ್ದರೂ, ತನ್ನದೆಂದು ಹೇಳಿಕೊಳ್ಳುವಂಥ ರಕ್ತನಾಳಗಳು ಬಹುಮಟ್ಟಿಗೆ ಇಲ್ಲ. ಆದುದರಿಂದ ದೇಹದ ಕಾವಲುಗಾರರಾದ ಬಿಳಿಯ ರಕ್ತಕಣಗಳು ಅದರ ಒಳಕ್ಕೆ ನುಗ್ಗಿ ಕಾದಾಡುವ ದಾರಿಯೂ ಇಲ್ಲ. ಬಾಲ್ಯದಲ್ಲಿ ಗಂಟಲು ನೋವಿನ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರದಿಂದ ಕವಾಟವು ದಡ್ಡುಗಟ್ಟಿದ್ದರೆ, ಅಥವಾ ಶಸ್ತ್ರಕ್ರಿಯೆಯಲ್ಲಿ ಕೃತಕ ಕವಾಟವನ್ನು ಕೂರಿಸಿದ್ದರೆ, ಆ ಒರಟು ಮೈಯ ಮೇಲೆ ಫೈಬ್ರಿನ್ ಎಳೆಗಳೂ ಪ್ಲೇಟ್‌ಲೆಟ್ ಕಣಗಳೂ ಅಂಟಿಕೊಳ್ಳುತ್ತವೆ; ಹುಳುಕು ಹಲ್ಲಿನಿಂದಲೋ ಚರ್ಮದ ಗಾಯದಿಂದಲೋ ರಕ್ತಕ್ಕೆ ಇಳಿದ ಬ್ಯಾಕ್ಟೀರಿಯಾ ಆ ಅಂಟಿನಲ್ಲಿ ಮನೆಮಾಡುತ್ತದೆ. ಹೀಗೆ ಬೆಳೆದ ಗಂಟು ರಾಗಿಯ ಕಾಳಿನಷ್ಟಿರಬಹುದು, ಕಡಲೆಯಷ್ಟಿರಬಹುದು. ಅದರ ಒಂದು ಗ್ರಾಂ ತೂಕದಲ್ಲಿ ನೂರು ಕೋಟಿಗೂ ಮಿಗಿಲಾದ ರೋಗಾಣುಗಳು ಅಡಗಿರುವುದುಂಟು. ಗಂಟಿನ ಚೂರೊಂದು ಕಳಚಿ ಮಿದುಳಿನ ನಾಳಕ್ಕೆ ಹೋಗಿ ಸಿಕ್ಕಿಕೊಂಡಿತೆಂದರೆ ಲಕ್ವ ಹೊಡೆಯುತ್ತದೆ. ಇಂಥ ಕೋಟೆಯೊಳಗಿನ ಶತ್ರುವನ್ನು ನಿರ್ಮೂಲ ಮಾಡಬೇಕಾದರೆ ನಾಲ್ಕರಿಂದ ಆರು ವಾರಗಳ ಕಾಲ ಔಷಧವನ್ನು ನೇರವಾಗಿ ರಕ್ತನಾಳಕ್ಕೆ ಕೊಡುವುದು ರೂಢಿ.

ರೋಗಾಣುವನ್ನು ಗುರುತಿಸುವ ಹಳೆಯ ವಿಧಾನ ಇಂದಿಗೂ ಬೇರ್ ಅವರದೇ. ರಕ್ತವನ್ನು ಪೋಷಕ ದ್ರವದಲ್ಲಿ ಬಿತ್ತಿ, ಹದವಾದ ಶಾಖದಲ್ಲಿಟ್ಟು, ಮೊಳೆಯುವುದನ್ನು ಕಾಯುವುದು. ಅದನ್ನು ಆಸ್ಪತ್ರೆಗಳಲ್ಲಿ ಬ್ಲಡ್ ಕಲ್ಚರ್ ಎನ್ನುತ್ತಾರೆ. ಕೃಷಿಯೆಂಬ ನಮ್ಮ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಆದರೆ ಬೀಜ ಮೊಳೆಯಬೇಕಾದರೆ ಅದು ಹಸಿಬೀಜವಾಗಿರಬೇಕು, ಹುರಿದ ಕಾಳಾಗಿರಕೂಡದು. ನಮ್ಮ ನಾಡಿನಲ್ಲಿ ನಡೆಯುವುದೇನು? ಸಂಜೆಯಾಯಿತೆಂದರೆ ಚಳಿಜ್ವರ ಬರುತ್ತದೆ; ಬೀದಿಯ ಕೊನೆಯ ಕ್ಲಿನಿಕ್ಕಿಗೆ ಹೋದರೆ ಒಂದು ಇಂಜೆಕ್ಷನ್ನು, ಮೂರು ದಿನದ ಮಾತ್ರೆ; ಜ್ವರ ಇಳಿದಂತಾಗಿ ಮತ್ತೆ ವಾರದ ಮೇಲೆ ಬರುತ್ತದೆ; ಆಗ ಬೇರೊಬ್ಬ ಡಾಕ್ಟರು, ಬೇರೊಂದು ಬಣ್ಣದ ಮಾತ್ರೆ. ಹೀಗೆ ತಿಂಗಳೊಂದು ಕಳೆದು, ಏದುಸಿರು ಬಂದು, ಊರಿನಿಂದ ನಗರದ ದೊಡ್ಡ ಆಸ್ಪತ್ರೆಗೆ ಬಂದು ಎಕೋ ಪರೀಕ್ಷೆ ಮಾಡಿಸಿದಾಗ ಕವಾಟದ ಮೇಲೆ ತೂಗಾಡುವ ಗಂಟು ತೆರೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ರಕ್ತದ ಕಲ್ಚರ್ ಮಾತ್ರ ಐದು ದಿನ ಕಾದರೂ ಬರಡಾಗಿಯೇ ಉಳಿಯುತ್ತದೆ. ಅಷ್ಟು ಹೊತ್ತಿಗೆ ಮಾತ್ರೆಗಳು ರಕ್ತದಲ್ಲಿದ್ದ ಬೀಜವನ್ನೆಲ್ಲ ಹುರಿದುಬಿಟ್ಟಿರುತ್ತವೆ. ಕೋಟೆಯ ಒಳಗಿನವು ಮಾತ್ರ ಕ್ಷೇಮವಾಗಿರುತ್ತವೆ. ಇದರಲ್ಲಿ ಯಾರನ್ನು ದೂರೋಣ? ಜ್ವರ ಬಂದವನಿಗೆ ಅಂದಿನ ಕೂಲಿ ತಪ್ಪಬಾರದು. ಮದ್ದು ಕೊಡುವವನಿಗೆ ಅವನ ನಂಬಿಕೆ ತಪ್ಪಬಾರದು.

ಮದ್ದಿನ ಗೊಡವೆಯೇ ಇಲ್ಲದಿದ್ದರೂ, ಈ ಬಿತ್ತನೆಯಲ್ಲಿ ಮೊಳೆಯಲೊಲ್ಲದ ಜಾತಿಗಳೂ ಉಂಟು. 1930ರ ದಶಕದಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ಕಸಾಯಿಖಾನೆಯ ಕೆಲಸಗಾರರಿಗೆ ಬರುತ್ತಿದ್ದ ಒಂದು ಜ್ವರದ ಮೂಲವನ್ನು ಅರಿಯಲಾರದೆ, ಎಡ್ವರ್ಡ್ ಡೆರಿಕ್ ಎಂಬ ವೈದ್ಯರು ಪ್ರಶ್ನೆಯೆಂಬ ಅರ್ಥದ ಇಂಗ್ಲಿಷ್ ಪದದ ಮೊದಲಕ್ಷರವನ್ನೇ ಹಿಡಿದು ಅದನ್ನು ಕ್ಯೂ ಜ್ವರವೆಂದು ಕರೆದರು. ಪ್ರಶ್ನೆಗೆ ಉತ್ತರ ಸಿಕ್ಕಿ ರೋಗಾಣುವಿಗೆ ಕಾಕ್ಸಿಯೆಲ್ಲಾ ಬರ್ನೆಟಿಯೆಂದು ನಾಮಕರಣವಾದ ಮೇಲೂ ಜ್ವರದ ಹೆಸರು ಪ್ರಶ್ನೆಯಾಗಿಯೇ ಉಳಿದಿದೆ. ಕುರಿ, ಮೇಕೆ, ದನಗಳು ಈದಾಗ ಬೀಳುವ ಕಸದಲ್ಲಿ ಇದು ಅಪಾರವಾಗಿರುತ್ತದೆ. ಒಣಗಿ ಧೂಳಾಗಿ ಗಾಳಿಯಲ್ಲಿ ಹಾರುತ್ತದೆ. ನೆದರ್ಲೆಂಡ್ಸಿನಲ್ಲಿ 2007ರಿಂದ 2010ರವರೆಗೆ ಮೇಕೆ ಸಾಕಣೆಯ ಕೇಂದ್ರಗಳಿಂದ ಹಬ್ಬಿದ ಕ್ಯೂ ಜ್ವರವು 4,000ಕ್ಕೂ ಹೆಚ್ಚು ಮಂದಿಯನ್ನು ಹಿಡಿಯಿತು. ಕವಾಟದ ದೋಷವುಳ್ಳ ಕೆಲವರಲ್ಲಿ ಅದು ಹೃದಯದಲ್ಲಿಯೇ ಬೀಡುಬಿಟ್ಟಿತು. ಜೀವಕೋಶದ ಒಳಗಲ್ಲದೆ ಹೊರಗೆ ವೃದ್ಧಿಯಾಗದ ಈ ಜೀವಿಯನ್ನು ಸಾಧಾರಣ ಕಲ್ಚರಿನಲ್ಲಿ ಹುಡುಕುವುದೆಂದರೆ ಬಂಡೆಯ ಮೇಲೆ ಭತ್ತ ಬಿತ್ತಿದಂತೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಹೇನಿನಿಂದ ಹರಡಿ ಸೈನಿಕರನ್ನು ಕಾಡಿದ ಬಾರ್ಟೊನೆಲ್ಲಾ ಕ್ವಿಂಟಾನ, 20ನೆಯ ಶತಮಾನದ ಕೊನೆಯಲ್ಲಿ ಪಾಶ್ಚಾತ್ಯ ನಗರಗಳ ಬೀದಿಯಲ್ಲಿ ಮಲಗುವ ನಿರ್ಗತಿಕರ ಕವಾಟಗಳಲ್ಲಿ ಮತ್ತೆ ಪತ್ತೆಯಾಯಿತು. ಟ್ರೊಫೆರೈಮಾ ವಿಪ್ಲೈ ಎಂಬುದಂತೂ ವರ್ಷಗಟ್ಟಲೆ ಕೀಲುನೋವಿನ ವೇಷದಲ್ಲಿ ತಿರುಗಿ, ಜ್ವರವನ್ನೂ ತೋರದೆ ಕವಾಟವನ್ನು ಕೊರೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಹಸು ಕಂದು ಹಾಕುವುದಕ್ಕೆ ಕಾರಣವಾಗುವ ಬ್ರುಸೆಲ್ಲಾ ಇನ್ನೊಂದು. ಕಾಯಿಸದ ಹಾಲು ಕುಡಿದವರಿಗೂ, ಬರಿಗೈಯಲ್ಲಿ ಕರುವನ್ನು ಎಳೆದು ಈಯಿಸಿದವರಿಗೂ ಅದು ಅಂಟಬಹುದು. ಅದು ಮೊಳೆಯುತ್ತದೆ, ಆದರೆ ತನ್ನದೇ ನಿಧಾನದಲ್ಲಿ.

ಮೊಳೆಯದ ಬೀಜವನ್ನು ಗುರುತಿಸುವುದು ಹೇಗೆಂಬ ಪ್ರಶ್ನೆಗೆ ಉತ್ತರ ಬಂದದ್ದು ವೈದ್ಯರಿಂದಲ್ಲ, ಜೀವಿಗಳ ವಂಶವೃಕ್ಷವನ್ನು ಬರೆಯಹೊರಟ ಒಬ್ಬ ಏಕಾಂತಪ್ರಿಯ ವಿಜ್ಞಾನಿಯಿಂದ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಕಾರ್ಲ್ ವೋಸ್ ಅವರು ಜಾರ್ಜ್ ಫಾಕ್ಸ್ ಅವರೊಡನೆ 1977ರಲ್ಲಿ ತೋರಿಸಿಕೊಟ್ಟದ್ದೇನೆಂದರೆ, ಪ್ರೋಟೀನುಗಳನ್ನು ಹೆಣೆಯುವ ರೈಬೋಸೋಮ್ ಎಂಬ ಕಮ್ಮಟ ಎಲ್ಲ ಜೀವಿಗಳಲ್ಲಿಯೂ ಇರುವುದರಿಂದ, ಅದರ ಅಂಗವಾದ ಒಂದು ಆರ್‌ಎನ್‌ಎ ಎಳೆಯ ಬರೆಹವನ್ನು ಓದಿ ಜೀವಿಜೀವಿಗಳ ನಂಟನ್ನು ಅಳೆಯಬಹುದೆಂಬುದು. ಬ್ಯಾಕ್ಟೀರಿಯಾಗಳಲ್ಲಿ ಈ ಎಳೆಗೆ 16ಎಸ್ ಎಂದು ಹೆಸರು. ಅದನ್ನು ಬರೆದಿಡುವ ಜೀನು ಸುಮಾರು 1,500 ಅಕ್ಷರಗಳಷ್ಟು ಉದ್ದ. ನಮ್ಮ ಶಾಸನಗಳನ್ನು ಓದಿ ಬಲ್ಲವರಿಗೆ ಇದರ ರಚನೆ ಅಪರಿಚಿತವೆನಿಸದು. ದತ್ತಿಶಾಸನವೆಂದರೆ ಮೊದಲಲ್ಲಿ ಎಲ್ಲರೂ ಬಳಸುವ ಮಂಗಳಶ್ಲೋಕ, ಕೊನೆಯಲ್ಲಿ ಎಲ್ಲರೂ ಬಳಸುವ ಶಾಪಾಶಯ. ನಡುವೆ ಮಾತ್ರ ಆ ಅರಸನ ಹೆಸರು, ಆ ಊರಿನ ಎಲ್ಲೆ, ಆ ಸಂವತ್ಸರ. ಈ ಜೀನಿನಲ್ಲಿಯೂ ಹಾಗೆಯೇ, ಬ್ಯಾಕ್ಟೀರಿಯಾಗಳೆಲ್ಲಕ್ಕೂ ಸಮಾನವಾದ ಪಂಕ್ತಿಗಳ ನಡುನಡುವೆ ಜಾತಿಯಿಂದ ಜಾತಿಗೆ ಬದಲಾಗುವ ಒಂಬತ್ತು ಭಾಗಗಳಿವೆ. ಸಮಾನವಾದ ಪಂಕ್ತಿಗಳನ್ನು ಹಿಡಿಯಾಗಿ ಬಳಸಿ, 1983ರಲ್ಲಿ ಕ್ಯಾರಿ ಮುಲ್ಲಿಸ್ ಅವರಿಗೆ ಹೊಳೆದ ಪಿಸಿಆರ್ ವಿಧಾನದಿಂದ ನಡುವಣ ಬರೆಹವನ್ನು ಎಷ್ಟು ಬೇಕಾದರೂ ಪ್ರತಿ ಮಾಡಿಕೊಳ್ಳಬಹುದು. ಕಾಯಿಸುವುದು, ಆರಿಸುವುದು, ಮತ್ತೆ ಕಾಯಿಸುವುದು. ಒಂದೊಂದು ಆವರ್ತನಕ್ಕೂ ಪ್ರತಿಗಳು ಇಮ್ಮಡಿಯಾಗುತ್ತ, 30 ಸುತ್ತುಗಳಲ್ಲಿ ಒಂದು ಪ್ರತಿ ನೂರು ಕೋಟಿಯನ್ನು ದಾಟಬಲ್ಲುದು. ಪ್ರತಿಯ ಅಕ್ಷರಗಳನ್ನು ಓದಿ ಭಂಡಾರದಲ್ಲಿರುವ ಲಕ್ಷಾಂತರ ಬರೆಹಗಳೊಡನೆ ಹೋಲಿಸಿದರೆ ಅರಸನ ಹೆಸರು ತಿಳಿಯುತ್ತದೆ. ಬೀಜ ಹುರಿದಿದ್ದರೇನು, ಸತ್ತಿದ್ದರೇನು, ಬರೆಹ ಅಳಿಯದಿದ್ದರೆ ಸಾಕು.

ಹೀಗೆ ಓದಿದ ಒಂದು ಹೆಸರು ಎಷ್ಟು ದೂರ ಕರೆದೊಯ್ಯಬಲ್ಲುದೆಂಬುದಕ್ಕೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ವೃತ್ತಾಂತವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಮರಳಿ, ವರ್ಷಕ್ಕೂ ಹೆಚ್ಚು ಕಾಲ ಸುಖವಾಗಿದ್ದ ಕೆಲವರಿಗೆ ಸೊರಗುವಿಕೆ, ಜ್ವರ, ರಾತ್ರಿಯ ಬೆವರು ತೊಡಗಿತು. ಸಾಧಾರಣ ಕಲ್ಚರುಗಳಲ್ಲಿ ಏನೂ ಬೆಳೆಯಲಿಲ್ಲ. ಅಂಗಾಂಶದ ಚೂರುಗಳಲ್ಲಿ ಆಣ್ವಿಕ ಪರೀಕ್ಷೆ ಮಾಡಿದಾಗ ಕಾಣಿಸಿಕೊಂಡ ಹೆಸರು ಮೈಕೊಬ್ಯಾಕ್ಟೀರಿಯಂ ಕಿಮೇರಾ. ಕ್ಷಯದ ರೋಗಾಣುವಿನ ದೂರದ ದಾಯಾದಿಯಾದ, ನೀರಿನಲ್ಲಿ ವಾಸಿಸುವ, ಬೆಳೆಯಲು ವಾರಗಟ್ಟಲೆ ತೆಗೆದುಕೊಳ್ಳುವ ಬ್ಯಾಕ್ಟೀರಿಯಾ. ಇಬ್ಬರು ರೋಗಿಗಳ ವಿವರ 2013ರಲ್ಲಿ ಪ್ರಕಟವಾಯಿತು. ಒಬ್ಬನಲ್ಲಿ ಸಿಕ್ಕಿದ್ದರೆ ದುರದೃಷ್ಟವೆನ್ನಬಹುದಿತ್ತು. ಅಷ್ಟು ಅಪರೂಪದ ಹೆಸರು ಒಂದೇ ಆಸ್ಪತ್ರೆಯಲ್ಲಿ ಎರಡು ಸಲ ಬಂದದ್ದರಿಂದ ವೈದ್ಯರು ನೀರನ್ನು ಹುಡುಕುತ್ತ ಹೊರಟರು. ಶಸ್ತ್ರಕ್ರಿಯೆಯ ವೇಳೆ ರೋಗಿಯ ರಕ್ತದ ಶಾಖವನ್ನು ಹೆಚ್ಚು ಕಡಮೆ ಮಾಡುವ ಯಂತ್ರವೊಂದು ಕೋಣೆಯ ಮೂಲೆಯಲ್ಲಿತ್ತು. ಅದರ ತೊಟ್ಟಿಯ ನೀರು ರೋಗಿಯನ್ನು ಎಂದೂ ಮುಟ್ಟುವುದಿಲ್ಲವಾದುದರಿಂದ ಅದನ್ನು ಯಾರೂ ಸಂದೇಹಿಸಿರಲಿಲ್ಲ. ತೊಟ್ಟಿಯಲ್ಲಿ ಅದೇ ಬ್ಯಾಕ್ಟೀರಿಯಾ ಬೆಳೆದಿತ್ತು, ಯಂತ್ರದ ಫ್ಯಾನು ಅದರ ಸೂಕ್ಷ್ಮ ತುಂತುರನ್ನು ತೆರೆದ ಎದೆಯ ಕಡೆಗೆ ತೂರುತ್ತಿತ್ತು. ಅನೇಕ ದೇಶಗಳ ರೋಗಿಗಳಿಂದಲೂ ಯಂತ್ರಗಳಿಂದಲೂ ತೆಗೆದ ಮಾದರಿಗಳ ಸಂಪೂರ್ಣ ಜೀನೋಮನ್ನು ಓದಿ ಹೋಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾದಾಗ, ಅವುಗಳಲ್ಲಿ ಹೆಚ್ಚಿನವು ಒಂದೇ ಬಳ್ಳಿಯ ಕಾಯಿಗಳೆಂದೂ, ಯಂತ್ರ ತಯಾರಾದ ಸ್ಥಳದಲ್ಲಿಯೇ ಬೇರು ಇದ್ದಿರಬೇಕೆಂದೂ ತಿಳಿದುಬಂತು. ಕಲ್ಚರಿನ ತಟ್ಟೆಯನ್ನೇ ನೆಚ್ಚಿ ಕುಳಿತಿದ್ದರೆ ಆ ಫ್ಯಾನಿನ ವರೆಗೆ ಯಾರೂ ಬರುತ್ತಿರಲಿಲ್ಲ.

ಹೆಸರು ತಿಳಿದರೆ ಔಷಧ ಬದಲಾಗುತ್ತದೆ, ಮತ್ತು ಬದಲಾವಣೆ ಅಲ್ಪಸ್ವಲ್ಪದ್ದಲ್ಲ. ಹೆಸರು ತಿಳಿಯದ ರೋಗಿಗೆ ಎರಡು ಮೂರು ಔಷಧಗಳನ್ನು ಒಟ್ಟುಗೂಡಿಸಿ, ಯಾವುದಾದರೊಂದು ತಾಗೀತೆಂಬ ನೆಚ್ಚಿಕೆಯಿಂದ ವಾರಗಟ್ಟಲೆ ಕೊಡುತ್ತಾರೆ. ಅವುಗಳಲ್ಲೊಂದು ಜೆಂಟಮೈಸಿನ್ ಆಗಿದ್ದರೆ ಮೂತ್ರಪಿಂಡಕ್ಕೂ ಕಿವಿಗೂ ಕುತ್ತು. ಅದೇ ಕಾಕ್ಸಿಯೆಲ್ಲಾ ಎಂದು ತಿಳಿದರೆ, ಪೆನಿಸಿಲಿನ್ನಿನ ಬಳಗಕ್ಕೆ ಬಗ್ಗದ ಅದಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನೂ, ಮಲೇರಿಯದ ಕಾಲದಿಂದ ನಮಗೆ ಪರಿಚಿತವಾಗಿ ಕೊರೋನ ದಿನಗಳಲ್ಲಿ ಮನೆಮಾತಾದ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆಯನ್ನೂ ಜೊತೆಯಾಗಿ ಕನಿಷ್ಠ 18 ತಿಂಗಳು, ಕವಾಟ ಕೃತಕವಾಗಿದ್ದರೆ 24 ತಿಂಗಳು ಕೊಡಬೇಕಾಗುತ್ತದೆ. ಎರಡನೆಯದು ಇಲ್ಲಿ ಮಾಡುವ ಕೆಲಸ ಸ್ವಾರಸ್ಯವಾದುದು. ಕಾಕ್ಸಿಯೆಲ್ಲಾ ವಾಸಿಸುವುದು ಬಿಳಿಯ ರಕ್ತಕಣದ ಹೊಟ್ಟೆಯೊಳಗಿನ ಹುಳಿಯಾದ ಚೀಲದಲ್ಲಿ. ಆ ಹುಳಿಯಲ್ಲಿ ಡಾಕ್ಸಿಸೈಕ್ಲಿನ್ ಸಪ್ಪೆಯಾಗುತ್ತದೆ. ಹೈಡ್ರಾಕ್ಸಿಕ್ಲೋರೊಕ್ವಿನ್ ಹುಳಿಯನ್ನು ಮುರಿದು ಮೊದಲನೆಯ ಔಷಧಕ್ಕೆ ಹಲ್ಲು ಬರುವಂತೆ ಮಾಡುತ್ತದೆ. ಆರು ವಾರಗಳ ಚಿಕಿತ್ಸೆಯೆಲ್ಲಿ, ಎರಡು ವರ್ಷಗಳ ಚಿಕಿತ್ಸೆಯೆಲ್ಲಿ! ನಡುವೆ ಇರುವುದು ಒಂದು ಹೆಸರಿನ ಅಂತರ. ಈ ಕಾರಣದಿಂದಲೇ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದವರು 1994ರಲ್ಲಿ ರೂಪಿಸಿ ಜಗತ್ತೆಲ್ಲ ಅನುಸರಿಸುತ್ತಿರುವ ರೋಗನಿರ್ಣಯದ ಸೂತ್ರಗಳನ್ನು 2023ರಲ್ಲಿ ತಿದ್ದಿದಾಗ, ಕಾಕ್ಸಿಯೆಲ್ಲಾ, ಬಾರ್ಟೊನೆಲ್ಲಾ, ಟ್ರೊಫೆರೈಮಾ ವಿಪ್ಲೈ ಈ ಮೂರರ ಡಿಎನ್‌ಎ ರಕ್ತದಲ್ಲಿ ಕಂಡುಬಂದರೆ ಅದನ್ನು ಪ್ರಧಾನ ಲಕ್ಷಣಗಳ ಸಾಲಿಗೆ ಸೇರಿಸಿಕೊಂಡರು.

ಇಷ್ಟನ್ನು ಓದಿದ ವಾಚಕರು ಕಲ್ಚರಿನ ಸೀಸೆಗಳನ್ನು ಇನ್ನು ಬೀದಿಗೆ ಎಸೆಯಬಹುದೆಂದು ಭಾವಿಸಿದರೆ ಅದು ನನ್ನ ಬರೆವಣಿಗೆಯ ದೋಷವಾದೀತು. ಈ ಆಣ್ವಿಕ ಪರೀಕ್ಷೆ ಸೋಂಕು ತಗುಲಿದ ಕವಾಟದ ಚೂರಿನಲ್ಲಿ ಫಲಿಸುವಷ್ಟು ರಕ್ತದಲ್ಲಿ ಫಲಿಸದು, ಕವಾಟದ ಚೂರಾದರೋ ಶಸ್ತ್ರಕ್ರಿಯೆಯಾದವರಿಂದ ಮಾತ್ರ ದೊರೆಯತಕ್ಕದ್ದು. ಬ್ಯಾಕ್ಟೀರಿಯಾದ ಡಿಎನ್‌ಎ ನಮ್ಮ ಚರ್ಮದ ಮೇಲಿದೆ, ಗಾಳಿಯಲ್ಲಿದೆ, ಪರೀಕ್ಷೆಗೆ ಬಳಸುವ ರಾಸಾಯನಿಕಗಳಲ್ಲಿಯೇ ಲೇಶಮಾತ್ರವಾಗಿ ಇರುವುದುಂಟು. ಒಂದನ್ನು ನೂರು ಕೋಟಿ ಮಾಡುವ ಯಂತ್ರಕ್ಕೆ ಕಳ್ಳ ಯಾರು, ದಾರಿಹೋಕ ಯಾರು ಎಂಬ ವಿವೇಚನೆ ಇಲ್ಲ. ಹಲ್ಲಿನ ಸಂದಿಯಲ್ಲಿ ವಾಸಿಸುವ ಸ್ಟ್ರೆಪ್ಟೊಕಾಕಸ್ ಮೈಟಿಸ್ ಮತ್ತು ನ್ಯುಮೋನಿಯ ತರುವ ಅದರ ಸೋದರ, ಇವೆರಡರ 16ಎಸ್ ಬರೆಹ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಅಲ್ಲಿ ಓದುಗ ತಡವರಿಸುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ, ಯಾವ ಔಷಧಕ್ಕೆ ಈ ರೋಗಾಣು ಬಗ್ಗುತ್ತದೆಂಬುದನ್ನು 16ಎಸ್ ಹೇಳದು. ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದಲ್ಲಿ ಮೆಕ್‌ಎ ಎಂಬ ಜೀನು ಇದೆಯೆ ಎಂದು ಬೇರೆಯಾಗಿ ಹುಡುಕಿ ಅದರ ಹಟಮಾರಿತನವನ್ನು ತಿಳಿಯಬಹುದು, ನಿಜ. ಆದರೆ ಮಿಕ್ಕ ಬಹುತೇಕ ರೋಗಾಣುಗಳನ್ನು ತಟ್ಟೆಯಲ್ಲಿ ಬೆಳೆಸಿ, ಔಷಧದ ಬಿಲ್ಲೆಯನ್ನು ಪಕ್ಕದಲ್ಲಿಟ್ಟು, ಸಾಯುತ್ತದೆಯೋ ಇಲ್ಲವೋ ಎಂದು ಕಣ್ಣಾರೆ ನೋಡುವುದೇ ಇನ್ನೂ ಉತ್ತಮವಾದ ಮಾರ್ಗ. ಆದುದರಿಂದ ಮೊದಲ ಇಂಜೆಕ್ಷನ್ನಿಗೆ ಮುಂಚೆ, ಬೇರೆ ಬೇರೆ ಕಡೆಯಿಂದ ಚುಚ್ಚಿ ತೆಗೆದ ಮೂರು ಸಲದ ರಕ್ತ, ಒಂದೊಂದು ಸೀಸೆಗೂ ಎಂಟು ಹತ್ತು ಮಿಲಿಲೀಟರು, ಇದಕ್ಕೆ ಸಮನಾದ ಪರೀಕ್ಷೆ ಯಾವ ಯಂತ್ರದಲ್ಲಿಯೂ ಇಲ್ಲ.

ಇನ್ನೊಂದು ತೊಡಕು ಹೆಚ್ಚು ಸೂಕ್ಷ್ಮವಾದುದು. ಕಲ್ಲಿನ ಶಾಸನವನ್ನು ಓದಿ ಆ ಅರಸನು ಇಂದಿಗೂ ಆಳುತ್ತಿದ್ದಾನೆಂದು ಯಾರೂ ತಿಳಿಯುವುದಿಲ್ಲ. ಕವಾಟದಲ್ಲಿ ಡಿಎನ್‌ಎ ಓದಿದವರು ಮಾತ್ರ ಆ ಭ್ರಮೆಗೆ ಒಳಗಾಗುವುದು ಸುಲಭ. ಔಷಧದಿಂದ ಸತ್ತ ಬ್ಯಾಕ್ಟೀರಿಯಾದ ಅವಶೇಷ ಆ ನಾಳಗಳಿಲ್ಲದ ಪೊರೆಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಕರಗದೆ ಉಳಿದಿರುತ್ತದೆ. ಶಸ್ತ್ರಕ್ರಿಯೆಯ ದಿನ ತೆಗೆದ ಕವಾಟದಲ್ಲಿ ರೋಗಾಣು ಕಲ್ಚರಿನಲ್ಲಿ ಬೆಳೆದರೆ, ಚಿಕಿತ್ಸೆಯ ದಿನಗಳನ್ನು ಅಂದಿನಿಂದ ಹೊಸದಾಗಿ ಎಣಿಸಬೇಕು. ಬೆಳೆಯದಿದ್ದರೆ, ಪಿಸಿಆರ್‌ನಲ್ಲಿ ಹೆಸರು ಬಂದಿದ್ದರೂ, ತಕ್ಕ ಔಷಧವನ್ನು ಮೊದಲು ಕೊಟ್ಟ ದಿನದಿಂದಲೇ ಎಣಿಕೆ ನಡೆಯುತ್ತದೆ. ಹೆಸರನ್ನು ಹೇಳುವುದಕ್ಕೆ ಒಂದು ಪರೀಕ್ಷೆ, ಪ್ರಾಣವಿದೆಯೆ ಎಂದು ಹೇಳುವುದಕ್ಕೆ ಇನ್ನೊಂದು.

ಹೃದಯದ ಶಸ್ತ್ರವೈದ್ಯರಾದ ನನ್ನ ಮಿತ್ರರೊಬ್ಬರು ಇದನ್ನು ನನಗೆ ಮನಗಾಣಿಸಿದ್ದು ಪುಸ್ತಕದಿಂದಲ್ಲ. ರೇಷ್ಮೆ ಬೆಳೆಯುವ ಸೀಮೆಯ ನಡುವಯಸ್ಸಿನ ಗೃಹಿಣಿಯೊಬ್ಬಳು. ಹಲವು ಕ್ಲಿನಿಕ್ಕುಗಳ ಮಾತ್ರೆಗಳನ್ನು ನುಂಗಿಯಾದ ಮೇಲೆ ಬಂದವಳಾದ್ದರಿಂದ ರಕ್ತದ ಕಲ್ಚರ್ ಬರಡಾಗಿತ್ತು. ಊಹೆಯ ಮೇಲೆ ಔಷಧ ತೊಡಗಿ, 16 ದಿನಗಳ ಮೇಲೆ ಹೃದಯ ಸೋಲತೊಡಗಿದ್ದರಿಂದ ಕವಾಟವನ್ನು ಬದಲಿಸಬೇಕಾಯಿತು. ಕತ್ತರಿಸಿ ತೆಗೆದ ಪೊರೆಯು ಸ್ಟೀಲಿನ ಪುಟ್ಟ ಬೋಗುಣಿಯಲ್ಲಿ, ನೀರಿನಲ್ಲಿ ನೆನೆದು ಮುದ್ದೆಯಾದ ಅವಲಕ್ಕಿಯಂಥ ಗಂಟಿನೊಡನೆ, ಬಿದ್ದಿತ್ತು. ನರ್ಸು ವಾಡಿಕೆಯಂತೆ ಫಾರ್ಮಲಿನ್ ತುಂಬಿದ ಸೀಸೆಯನ್ನು ಮುಂದೆ ಹಿಡಿದಳು. "ಸಿಸ್ಟರ್, ಒಂದು ಚೂರು ಮಾತ್ರ ಅದಕ್ಕೆ. ಉಳಿದದ್ದಕ್ಕೆ ಬರೀ ಸಲೈನ್ ಹಾಕಿ ಎರಡು ಡಬ್ಬಿ ಕೊಡಿ" ಎಂದರಂತೆ ಇವರು. ಫಾರ್ಮಲಿನ್ನಿಗೆ ಬಿದ್ದ ಚೂರು ಸೂಕ್ಷ್ಮದರ್ಶಕಕ್ಕೆ ಯೋಗ್ಯ. ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯದು, ಡಿಎನ್‌ಎ ಕೂಡ ತುಂಡುತುಂಡಾಗಿ ಬರೆಹವನ್ನು ಓದುವುದು ಕಷ್ಟವಾಗುತ್ತದೆ. ಒಂದು ಡಬ್ಬಿ ಕಲ್ಚರಿಗೆ ಹೋಯಿತು, ಇನ್ನೊಂದು ಆಣ್ವಿಕ ಪರೀಕ್ಷೆಗೆ. ಕೆಲವು ದಿನಗಳಲ್ಲಿ ಎರಡನೆಯದರಿಂದ ಬಾಯಿಯಲ್ಲಿ ವಾಸಿಸುವ ಸ್ಟ್ರೆಪ್ಟೊಕಾಕಸ್ಸಿನ ಹೆಸರು ಬಂತು. ಮೊದಲನೆಯದರಲ್ಲಿ ಏನೂ ಬೆಳೆಯಲಿಲ್ಲ. ಮೂರು ಔಷಧಗಳಲ್ಲಿ ಎರಡನ್ನು ನಿಲ್ಲಿಸಿದರು.

ವಾರ್ಡಿನ ಬಾಗಿಲಲ್ಲಿ ಅವಳ ಅಣ್ಣ ಕಾದು ನಿಂತಿದ್ದ. "ಡಾಕ್ಟ್ರೇ, ಹೆಸರು ಸಿಕ್ತು ಅಂದ್ರಲ್ಲ, ಇನ್ನು ಯಾವಾಗ ಮನೆಗೆ ಕಳಿಸ್ತೀರಿ?" ಮಿತ್ರರು 42ರಲ್ಲಿ 16 ಕಳೆದು, ಶಸ್ತ್ರಕ್ರಿಯೆಯ ದಿನದಿಂದ 26 ದಿನ ಎಂದು ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ತೋರಿಸಿದರು. ಆತ ಆ ಚೌಕದಿಂದ ಹಿಂದಕ್ಕೆ ಎಣಿಸಿ ನೋಡಿ, ನಡುವೆ ಗೌರಿ ಹಬ್ಬ ಬರುವುದನ್ನು ಕಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಹಾಗಾದ್ರೆ ಈ ಸಲ ಬಾಗಿನಾನ ಇಲ್ಲಿಗೇ ತರ್ತೀನಿ ಬಿಡಿ ಸಾರ್."